ಸೆಲ್ಲು ಇಳಿದಾಗ ಕಲಿತ ಹಾಡು

ಹೋದ ವಾರ ಅಟ್ಟದ ಮೇಲಿನ ಸಾಮಾನು ಇಳಿಸುವಾಗ ಗೋಣಿಚೀಲದಲ್ಲಿ ಸುತ್ತಿಟ್ಟಿದ್ದ ಟೇಪ್ ರೆಕಾರ್ಡರ್ ಸಿಕ್ಕಿತು. ಹಿಂದಿನ ಮುಚ್ಚಳ ತೆಗೆದರೆ ಆರು ಸೆಲ್ಲೂ ಒಳಗೇ ಕೊಳೆತು, ಬಿಳಿ ಉಪ್ಪಿನಂಥದ್ದು ಹರಡಿಕೊಂಡಿತ್ತು. ಮೂಗಿಗೆ ಹುಳಿ ಹುಳಿ ವಾಸನೆ. ಮೊಮ್ಮಗಳು ದೂರ ನಿಂತು, "ಏನಜ್ಜಿ ಇದು, ಬಾಂಬಾ?" ಅಂದಳು.

"ನಿಮ್ ತಾತ ಆಫ್ರಿಕಾದಿಂದ ತಂದಿದ್ದು ಕಣೇ" ಅಂದೆ. ಅವಳು ನಂಬಲಿಲ್ಲ. ಅವಳು ಕಂಡ ತಾತ ನಮ್ಮೂರು ಬೈರಕೂರಿನಿಂದ ಹತ್ತಿರದ ಮುಳಬಾಗಿಲಿಗೆ ಹೋಗಿಬರುವುದಕ್ಕೇ ಎರಡು ದಿನ ಯೋಚನೆ ಮಾಡುತ್ತಿದ್ದವರು.

ನಮ್ಮ ಯಜಮಾನರು ಹೋಗಿ ಹತ್ತು ತಿಂಗಳಾಯಿತು. ಮಾತಾಡಿಸಲು ಬಂದವರೆಲ್ಲ ದನಿ ತಗ್ಗಿಸಿಯೇ ಮಾತಾಡುತ್ತಾರೆ. ಆ ಮನುಷ್ಯ ಬದುಕಿದ್ದಾಗ ಒಂದು ದಿನವೂ ದನಿ ತಗ್ಗಿಸಿದವರಲ್ಲ. ಗಣಿಯ ಮಷೀನುಗಳ ಪಕ್ಕದಲ್ಲಿ ನಿಂತು ನಿಂತು ಕಿವಿ ಮಂದವಾಗಿತ್ತು. ಉಪ್ಪು ಕೇಳಿದರೂ ಮೂರು ಮನೆಗೆ ಕೇಳಿಸುತ್ತಿತ್ತು. ಅಂಥವರನ್ನು ಪಿಸುಮಾತಿನಲ್ಲಿ ನೆನೆಯುವುದು ನನಗೆ ಸರಿ ಕಾಣಲಿಲ್ಲ. ಅದಕ್ಕೇ ಬರೆಯಲು ಕೂತೆ. ನಾನು ಓದಿರುವುದು ಏಳನೇ ಕ್ಲಾಸು. ತಪ್ಪಿದ್ದರೆ ನೀವೇ ತಿದ್ದಿಕೊಂಡು ಓದಿ.

ಎಂಬತ್ತರ ಆಸುಪಾಸಿನ ಮಾತು. ಕೋಲಾರದ ಚಿನ್ನದ ಗಣಿಯಲ್ಲಿ ಮಷೀನ್ ರಿಪೇರಿ ಕಲಿತಿದ್ದವರು ಘಾನಾ ದೇಶದ ಗಣಿಯಲ್ಲಿ ಕೆಲಸ ಸಿಕ್ಕಿತೆಂದು ಹೊರಟರು. ಆಗ ನಮಗೆ ಮದುವೆಯಾಗಿ ಇಪ್ಪತ್ತೆರಡು ದಿನ. ಎರಡು ವರ್ಷ ನಾನು ನೆನಪಿಟ್ಟುಕೊಂಡಿದ್ದದ್ದು ಅವರ ಮೀಸೆಯೊಂದನ್ನೇ. ವಾಪಸ್ ಬಂದ ದಿನ ನೋಡಿದರೆ ಮೀಸೆ ಬೋಳಿಸಿದ್ದರು! ನಾನು ಕಾಲಿಗೆ ನೀರು ಕೊಡಲು ಚೊಂಬು ಹಿಡಿದು ಓಡಿದವಳು ಅವರನ್ನು ದಾಟಿ, ಹಿಂದೆ ಪೆಟ್ಟಿಗೆ ಹೊತ್ತು ಬರುತ್ತಿದ್ದ ಮೀಸೆಯವನಿಗೆ ನೀರು ಕೊಟ್ಟೆ. ಪಕ್ಕದ ಮನೆಯ ಗಂಗುಲಮ್ಮ ಜಗಲಿಯಲ್ಲೇ ಕೂತಿದ್ದಳು. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು.

ಸೀರೆ, ಸೆಂಟು ಬರುತ್ತದೆ ಅಂತ ಕಾದಿದ್ದವರಿಗೆ ಅವರು ತಂದದ್ದು ಈ ಟೇಪ್ ರೆಕಾರ್ಡರ್ ಮತ್ತು ಐದು ಕ್ಯಾಸೆಟ್. ಎಲ್ಲ ಆ ಕಡೆಯ ಹಾಡುಗಳೇ. ಅತ್ತೆ ಒಂದು ನಿಮಿಷ ಕೇಳಿ, "ಇದಕ್ಕಾ ನೀನು ಸಮುದ್ರ ದಾಟಿದ್ದು?" ಅಂದು ಒಳಗೆ ಹೋದರು.

ನನಗೆ ಮಾತ್ರ ಅದು ಮೊದಲ ದಿನವೇ ಹಿಡಿಸಿತು. ಗಿಟಾರಿನಲ್ಲಿ ನಾಲ್ಕೇ ಸ್ವರ ಸುತ್ತಿ ಸುತ್ತಿ ಬರುತ್ತಿದ್ದವು, ರೇಷ್ಮೆ ನೂಲು ತೆಗೆಯುವ ರಾಟೆ ತಿರುಗಿದ ಹಾಗೆ. ಕೆಳಗೆ ಯಾರೋ ಸೋರೆಬುರುಡೆ ತಟ್ಟುತ್ತಿದ್ದರು. ಒಬ್ಬ ಗಂಡಸು ಏನೋ ಕೇಳುತ್ತಾನೆ, ಹಿಂದಿನಿಂದ ಹೆಂಗಸರು ಒಟ್ಟಾಗಿ ಉತ್ತರ ಕೊಡುತ್ತಾರೆ. ಅರ್ಥ ಆಗದಿದ್ದರೂ ಜಗಳವಂತೂ ಅಲ್ಲ ಅಂತ ಗೊತ್ತಾಗುತ್ತಿತ್ತು.

ಕ್ಯಾಸೆಟ್ ಕೊಟ್ಟವನು ಗಣಿಯಲ್ಲಿ ಜೊತೆಗಿದ್ದ ಮೂಸಾ ಅನ್ನುವವನಂತೆ. ಬಡಗಣ ಮರಳುಗಾಡಿನ ಕಡೆಯವನು. ಅವನ ತಾತ ಬುರುಡೆಗೆ ತಂತಿ ಕಟ್ಟಿದ ವಾದ್ಯ ನುಡಿಸುತ್ತಿದ್ದನಂತೆ. ಈಗಿನವರು ಅದೇ ಬೆರಳುಗಾರಿಕೆಯನ್ನು ಕರೆಂಟಿನ ಗಿಟಾರಿಗೆ ತಂದಿದ್ದಾರಂತೆ. "ಹಿಂದೆ ಅವ್ರ ಜನಾನ ಹಡಗಿನಲ್ಲಿ ಅಮೆರಿಕಕ್ಕೆ ಹಿಡ್ಕೊಂಡ್ ಹೋಗಿದ್ರಲ್ಲ, ಅವ್ರು ಅಲ್ಲಿ ಹೊಲ ಗೇಯ್ತಾ ದುಃಖದ ಹಾಡು ಕಟ್ಟಿದ್ರಂತೆ. ಅದಕ್ಕೆ ಬ್ಲೂಸ್ ಅಂತಾರೆ. ಎಷ್ಟೋ ವರ್ಷಕ್ಕೆ ಅದು ರೆಕಾರ್ಡಾಗಿ ಇವ್ರ ಊರಿಗೆ ಬಂತು. ಮೂಸಾ ಅವ್ರಪ್ಪ ಕೇಳಿ, ಇದು ನಮ್ಮನೆ ಹಾಡಲ್ವಾ, ಯಾಕಿಷ್ಟು ಸೊರಗೈತೆ ಅಂದನಂತೆ" ಎಂದು ಯಜಮಾನರು ಕೂಗಿ ಕೂಗಿ ಹೇಳಿದರು. ಅವರು ನನ್ನ ಜೊತೆ ಮಾತಾಡಿದ ಮೊದಲ ಉದ್ದದ ಮಾತು ಇದೇ. ಬೇರೆ ಗಂಡಂದಿರು ಹೆಂಡತಿಯ ಜೊತೆ ಮೊದಲು ಏನು ಮಾತಾಡುತ್ತಾರೋ ನನಗೆ ಗೊತ್ತಿಲ್ಲ.

ಬುರುಡೆ ಅಂದದ್ದು ಮಾವನ ಕಿವಿಗೆ ಬಿತ್ತು. ಮಾವ ಊರಿನ ತತ್ವಪದದ ಗುಂಪಿನ ಮುಖ್ಯಸ್ಥರು. ಅವರ ಏಕತಾರಿಯೂ ಸೋರೆಬುರುಡೆಯದೇ. ಅವತ್ತಿನಿಂದ ದಿನಾ ಬೆಳಿಗ್ಗೆ ಟೇಪಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ಅದರಲ್ಲೊಂದು ಹಾಡನ್ನು ಏಕತಾರಿಗೆ ಇಳಿಸಿಕೊಂಡರು. ನಿಧಾನವಾದ, ಭಾರವಾದ ಹಾಡು. "ಈ ಮುದುಕ ದೊಡ್ಡೋನು ಕಣಮ್ಮ. ಎಪ್ಪತ್ತು ದಾಟಿರ್ತದೆ. ಎಲ್ಲಾ ನೋಡಿ, ಎಲ್ಲಾ ಬಿಟ್ಟೋನು" ಅನ್ನುತ್ತಿದ್ದರು. ಶನಿವಾರದ ಭಜನೆಯಲ್ಲೂ ಅದಕ್ಕೆ ತಮ್ಮದೇ ಪದ ಕೂರಿಸಿ ಹಾಡಿದರು. ಹಾಡುವವನು ಮುದುಕ ಅನ್ನುವುದರಲ್ಲಿ ನಮಗ್ಯಾರಿಗೂ ಅನುಮಾನವಿರಲಿಲ್ಲ.

ಒಂದು ದಿನ ಯಜಮಾನರು ಮುಳಬಾಗಿಲಿನಿಂದ ಹೊಸ ಸೆಲ್ ತಂದು ಹಾಕಿದರು. ಗಿಟಾರು ಮೇಕೆಮರಿ ನೆಗೆದ ಹಾಗೆ ನೆಗೆಯಿತು. ಹಾಡುವವನ ದನಿಗೆ ಇಪ್ಪತ್ತೈದು ವರ್ಷವೂ ಇರಲಿಲ್ಲ.

ಮಾವ ಏಕತಾರಿ ಕೆಳಗಿಟ್ಟು, ಸಿಟ್ಟಿಗೆ ನಮ್ಮ ಗಡಿ ಕಡೆಯ ತೆಲುಗೂ ಬೆರೆಸಿ ಗದರಿದರು: "ಎವಡ್ರಾ ವೀಡು? ಯಾರೋ ಈ ಹುಡ್ಗ? ನಮ್ ಮುದುಕ ಎಲ್ಲಿ?"

"ಅದೇ ಮನುಷ್ಯ ಕಣಪ್ಪಾ! ಸೆಲ್ ಇಳಿದಿತ್ತು, ಅದಕ್ಕೆ ನಿಧಾನ ತಿರುಗ್ತಿತ್ತು!"

"ಸುಳ್ಳು ಹೇಳ್ಬೇಡ. ಹಳೇ ಸೆಲ್ಲೇ ಹಾಕು."

ಕೊನೆಯವರೆಗೂ ಅವರು ಒಪ್ಪಲಿಲ್ಲ. ಇಳಿದ ಸೆಲ್ಲುಗಳನ್ನು ಬಿಸಿಲಿಗಿಟ್ಟು, ಸಾಯದ ಹಾಗೆ, ಪೂರ್ತಿ ಬದುಕದ ಹಾಗೆ ಕಾಪಾಡಿಕೊಂಡು ತಮ್ಮ ಮುದುಕನನ್ನೇ ಕೇಳುತ್ತಿದ್ದರು.

ಈ ತಮಾಷೆಯ ನಡುವೆ ಘಾನಾದ ಗಣಿಯಿಂದ ಕಾಗದ ಬಂತು. ಇನ್ನೂ ಮೂರು ವರ್ಷಕ್ಕೆ ಬಾ, ತಿಂಗಳೊಳಗೆ ಹೊರಡು ಅಂತ. ಮನೆಯಲ್ಲಿ ಹೋಗಬೇಕಾ ಬೇಡವಾ ಅನ್ನುವ ಮಾತೇ ಬರಲಿಲ್ಲ. ಯಾವ ಬಸ್ಸಿಗೆ ಹೋಗಬೇಕು ಅನ್ನುವ ಮಾತು ಬಂತು. ಅತ್ತೆ ಚಟ್ನಿಪುಡಿಗೆ ಮೆಣಸಿನಕಾಯಿ ಒಣಗಿಸಿದರು. ಯಜಮಾನರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ನಾನು? ನನಗೆ ಅವರು ಇರಬೇಕಿತ್ತು. ಅಷ್ಟು ಸಣ್ಣ ಮಾತು. ಆದರೆ ಹುಟ್ಟಿದಾಗಿನಿಂದ ನನಗೆ ಇಂಥದ್ದು ಬೇಕು ಅಂತ ಯಾರಿಗೂ ಹೇಳಿ ಅಭ್ಯಾಸವಿರಲಿಲ್ಲ. ನಾಲ್ಕು ದಿನ ಬಾಯಿ ತೆರೆದೆ. ನಾಲ್ಕು ದಿನವೂ "ಊಟಕ್ಕೇಳಿ" ಅಂದೆ.

ಆ ಹೊತ್ತಿಗೆ ನಮ್ಮ ರೇಷ್ಮೆಹುಳ ಹಣ್ಣಾದವು. ನಿಮಗೆ ಗೊತ್ತಿರಲಿಕ್ಕಿಲ್ಲ: ಹಣ್ಣಾದ ಹುಳ ಮೈಯೆಲ್ಲ ಹೊಂಬಣ್ಣಕ್ಕೆ ತಿರುಗಿ, ಸೊಪ್ಪು ಬಿಟ್ಟು ತಲೆಯೆತ್ತಿ ಜಾಗ ಹುಡುಕುತ್ತದೆ. ಆಗಲೇ ಒಂದೊಂದನ್ನೂ ಕೈಯಲ್ಲಿ ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ಬಿದಿರಿನ ತಟ್ಟೆಗೆ, ಬಿಡಬೇಕು. ತಡವಾದರೆ ಸಿಕ್ಕಲ್ಲೇ ನೂಲು ಬಿಟ್ಟು ಹಾಳಾಗುತ್ತದೆ. ಅದಕ್ಕೇ ಇವತ್ತು ನಮ್ಮ ಮನೆಗೆ ಅವರು, ನಾಳೆ ಅವರ ಮನೆಗೆ ನಾವು ಅಂತ ಮುಯ್ಯಿ ಲೆಕ್ಕದಲ್ಲಿ ಹೆಂಗಸರೆಲ್ಲ ಸೇರುತ್ತಿದ್ದೆವು. ಹುಳದ ಮನೆಗೆ ಹೊರಗಿನ ವಾಸನೆ ಆಗದು. ಬೀಡಿ ಸೇದುವ ಯಜಮಾನರಿಗೆ ಪ್ರವೇಶವಿಲ್ಲ. ಟೇಪಿಗೂ ಇಲ್ಲ, "ಅದ್ಯಾವ ಊರಿನ ಗಾಳಿ ಕುಡ್ಕೊಂಡ್ ಬಂದೈತೋ" ಅಂತ ಅತ್ತೆಯ ಅಪ್ಪಣೆ. ಇಬ್ಬರೂ ಕಿಟಕಿಯ ಹೊರಗೆ ಕೂತರು.

ಹೊಸ ಸೆಲ್ಲಿನ ಹಾಡು ಶುರುವಾಯಿತು. "ಈ ಹುಡ್ಗನ ಹಾಡಿಗೆ ಕೈ ಓಡ್ತದೆ ಕಣ್ರೇ. ನಿಮ್ಮಾವನ ಮುದುಕನ ಹಾಡಿಗೆ ಹುಳಾನೂ ನಿದ್ದೆ ಹೋಗ್ತದೆ" ಅಂದಳು ಗಂಗುಲಮ್ಮ. ಟೇಪಿನ ಹೆಂಗಸರು ಉತ್ತರ ಕೊಡುವ ಜಾಗಕ್ಕೆ ಸರಿಯಾಗಿ ತಾನೇ ಎತ್ತಿಕೊಂಡಳು:

"ಸಮುದ್ರ ದಾಟಿ ಏನ್ ತಂದ, ಸೀರೆ ಬಿಟ್ಟು ಪೆಟ್ಗೆ ತಂದ!"

ಎಲ್ಲರೂ ಹೋ ಎಂದರು. ಇನ್ನೊಬ್ಬಳು ತನ್ನ ಗಂಡನ ಗೊರಕೆಯನ್ನು ಹಾಡಿಗೆ ಸೇರಿಸಿದಳು, ಮತ್ತೊಬ್ಬಳು ನಾದಿನಿಯನ್ನು. ಸರದಿ ಸುತ್ತಿ ನನ್ನ ಹತ್ತಿರ ಬಂತು.

"ಹೆಸ್ರು ಹೇಳೇ, ಗಂಡನ ಹೆಸ್ರು ಹೇಳಿ ಹಾಡೇ. ಇಲ್ಲಾಂದ್ರೆ ಮೀಸೆಯೋನ ಹೆಸ್ರು ನಾನು ಸೇರಿಸ್ತೀನಿ!" ಅಂದಳು ಗಂಗುಲಮ್ಮ.

ಮದುವೆಯ ದಿನ ಹೊಸಿಲಲ್ಲಿ ಒಮ್ಮೆ ಹೇಳಿಸಿದ್ದು ಬಿಟ್ಟರೆ ಆ ಹೆಸರು ನನ್ನ ಬಾಯಲ್ಲಿ ಬಂದಿರಲಿಲ್ಲ. ಗಿಟಾರು ಸುತ್ತಿ ಬಂತು. ಆ ಗಂಡಸು ಏನೋ ಕೇಳಿದ. ನನ್ನನ್ನೇ ಕೇಳಿದ ಹಾಗಾಯಿತು.

"ಹೋಗಿದ್ದು ಸಾಕು, ನಾರಾಯಣಸ್ವಾಮಿ, ಇಲ್ಲೇ ಇರು, ನಾರಾಯಣಸ್ವಾಮಿ."

ಯಾರೂ ನಗಲಿಲ್ಲ. ಟೇಪಿನ ಹೆಂಗಸರು ಮಾತ್ರ ತಮ್ಮ ಪಾಡಿಗೆ ಹಾಡುತ್ತಿದ್ದರು. ಅತ್ತೆ ನನ್ನನ್ನೇ ನೋಡಿದರು. ಆಮೇಲೆ, "ಕೈಯಲ್ಲಿರೋ ಹುಳ ಬಿಡೇ ತಾಯಿ, ಅಂಗೈಯಲ್ಲೇ ಗೂಡು ಕಟ್ಟೀತು" ಅಂದರು. ಆಗಲೇ ಹೊರಗೆ ಟಕ್ ಅಂತ ಟೇಪು ನಿಂತಿತು.

ಕಿಟಕಿಯಿಂದ ದೊಡ್ಡ ದನಿ ಬಂತು: "ಇನ್ನೊಂದ್ ಸಲ ಹಾಡೋಕೆ ಹೇಳ್ರಮ್ಮಾ! ನಂಗೆ ಸರಿಯಾಗಿ ಕೇಳಿಸ್ಲಿಲ್ಲ!"

ಹುಳದ ಮನೆ ಬಿದ್ದು ಬಿದ್ದು ನಕ್ಕಿತು. ನಾನು ಇನ್ನೊಂದು ಸಲ ಹಾಡಲಿಲ್ಲ.

ಮರುದಿನ ಬೆಳಿಗ್ಗೆ, ಇನ್ನೂ ಹಣ್ಣಾಗದೆ ಉಳಿದ ಹುಳಕ್ಕೆ ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದೆ. ಅವರು ಬಂದು ಸಾಲಿನ ಕೊನೆಯಲ್ಲಿ ನಿಂತರು. ಕಾಗದದ ಮಾತಿಲ್ಲ, ಹಾಡಿನ ಮಾತಿಲ್ಲ. "ಮುಂದಿನ ಬೆಳೆಗೆ ಎಷ್ಟು ಹುಳದ ಮೊಟ್ಟೆ ತರೋಣ?" ಅಂದರು. ನಾನು ಮುಖ ತಿರುಗಿಸಿ, "ಸೊಪ್ಪು ನೋಡಿ ಹೇಳ್ತೀನಿ" ಅಂದೆ. ಎಷ್ಟು ಬಿಗುಮಾನ ನೋಡಿ ನನಗೆ!

ಯಜಮಾನರು ಬೈರಕೂರಿನಲ್ಲೇ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟರು. ಅತ್ತೆ ಆ ವರ್ಷ ಚಟ್ನಿಪುಡಿಯನ್ನು ಊರಿಗೆಲ್ಲ ಹಂಚಿದರು. ಮಾವ ಇಷ್ಟೇ ಅಂದದ್ದು: "ಒಳ್ಳೇದಾಯ್ತು ಬಿಡು, ಕ್ಯಾಸೆಟ್ ಕೆಟ್ರೆ ಸರಿಮಾಡೋಕೆ ಇವ್ನು ಮನೇಲಿರ್ತಾನೆ."

ಈಗ ಗಂಗುಲಮ್ಮ ಇಲ್ಲ. ಅವಳ ಸೊಸೆ ಹುಳ ಸಾಕುತ್ತಾಳೆ. ಈ ಹತ್ತು ತಿಂಗಳು ಹಣ್ಣುಹುಳ ಆರಿಸಲು ನನ್ನನ್ನು ಕರೆದಿರಲಿಲ್ಲ. ದುಃಖದಲ್ಲಿದ್ದಾರೆ, ತೊಂದರೆ ಕೊಡಬಾರದು ಅಂತ. ನಿನ್ನೆ ನಾನೇ ಕರೆಯದೆ ಹೋದೆ. ಅವಳು ಗಾಬರಿಯಾಗಿ ಕುರ್ಚಿ ತಂದಳು. ನಾನು ನೆಲದ ಮೇಲೆ, ಹುಡುಗಿಯರ ಸಾಲಿನಲ್ಲಿ ಕೂತೆ. ಎಲ್ಲರ ಕಿವಿಯಲ್ಲೂ ಮೊಬೈಲಿನ ವೈರು. ಒಬ್ಬೊಬ್ಬಳದು ಒಂದೊಂದು ಹಾಡು. ಸ್ವಲ್ಪ ಹೊತ್ತಿಗೆ ಪಕ್ಕದ ಹುಡುಗಿ ವೈರು ತೆಗೆದು, "ಅಜ್ಜಿ, ಏನೋ ಗುನುಗ್ತಿದ್ದೀರಲ್ಲ, ಜೋರಾಗಿ ಹೇಳಿ" ಅಂದಳು.

ಗುನುಗುತ್ತಿದ್ದದ್ದು ನನಗೇ ಗೊತ್ತಿರಲಿಲ್ಲ. ಗಂಟಲು ಸರಿಮಾಡಿಕೊಂಡು, ನಮ್ಮ ಯಜಮಾನರಿಗೂ ಕೇಳಿಸುವಷ್ಟು ಜೋರಾಗಿಯೇ ಹೇಳಿದೆ:

"ಹೋದೋನು ಹೋಗು, ನಾರಾಯಣಸ್ವಾಮಿ, ನಿಧಾನಕ್ ಹೋಗು. ಇಲ್ಲಿನ್ನೂ ಕೆಲ್ಸ ಐತೆ, ನಾರಾಯಣಸ್ವಾಮಿ, ಮುಗಿಸ್ಕೊಂಡ್ ಬರ್ತೀನಿ."

ಹುಡುಗಿಯರು ಒಬ್ಬೊಬ್ಬರಾಗಿ ವೈರು ತೆಗೆದರು. ಎರಡನೇ ಸಲ ಹೇಳುವಾಗ "ಬರ್ತೀನಿ" ಅನ್ನುವುದನ್ನು ಅವರೇ ಒಟ್ಟಾಗಿ ಎತ್ತಿಕೊಂಡರು. ನಾನು ಮುಂದಿನ ಹುಳಕ್ಕೆ ಕೈ ಹಾಕಿದೆ.