ಬಂದ್ ಆಗದ ನಾಲ್ಕು ಮೈಕುಗಳು

ಎರಡು ವರ್ಷದ ಹಿಂದಿನ ಮಾತು. ತಿಪಟೂರಿನಲ್ಲಿ ನಮ್ಮಪ್ಪನದು ಟೈಲರ್ ಅಂಗಡಿ. ಹೊಲಿಗೆ ನನ್ನ ಕೈಗೆ ಹತ್ತಲಿಲ್ಲ, ಮೈಕು ಹತ್ತಿತು. ಮದುವೆಗಳಿಗೆ ಮೈಕ್ ಹಾಕಿ, ಲ್ಯಾಪ್‌ಟಾಪಿನಲ್ಲಿ ರೆಕಾರ್ಡಿಂಗ್ ಮಾಡಿಕೊಡುತ್ತೇನೆ. ಸ್ಪೀಕರಿಗೂ ದನಿ ಅದರ ಮೂಲಕವೇ ಹೋಗುತ್ತದೆ. ಅಂದು ಚಿಕ್ಕನಾಯಕನಹಳ್ಳಿಯ ಒಂದು ಛತ್ರದಲ್ಲಿ ಕೆಲಸವಿತ್ತು.

ಸೋಬಾನೆ ಹಾಡಲು ಮಾಯಸಂದ್ರದ ಕಡೆಯಿಂದ ನಾಲ್ವರು ಹೆಂಗಸರು ಬಂದಿದ್ದರು. ಒಂದು ಹಾಡು ಮುಗಿದರೆ ಸಾಕು, ಎಲೆಅಡಿಕೆ ಹಾಕಿಕೊಂಡು ಮಾತಿಗಿಳಿಯುತ್ತಾರೆ. ಅದಕ್ಕೇ ನಾಲ್ಕು ಮೈಕಿನ ದನಿ ಬೇರೆ ಬೇರೆಯಾಗಿ ದಾಖಲಾಗುವ ಟ್ರ್ಯಾಕುಗಳನ್ನು ಒಂದು ಗುಂಪು ಮಾಡಿರುತ್ತೇನೆ. ಕೀಬೋರ್ಡಿನಲ್ಲಿ ‘ಎಮ್’ ಒತ್ತಿದರೆ ನಾಲ್ಕೂ ಒಟ್ಟಿಗೆ ಬಂದ್. ಅಂದು ಟ್ರ್ಯಾಕುಗಳಿಗೆ ಅವರವರ ಹೆಸರನ್ನು ಕನ್ನಡದಲ್ಲಿ ಟೈಪ್ ಮಾಡಿದ್ದೆ, ಕೀಬೋರ್ಡ್ ಕನ್ನಡದಲ್ಲೇ ಉಳಿದಿತ್ತು. ಹಾಗಿದ್ದಾಗ ಎಮ್ ಶಾರ್ಟ್‌ಕಟ್ ಕೆಲಸ ಮಾಡುವುದಿಲ್ಲವೆಂದು ನನಗೆ ಗೊತ್ತಿರಲಿಲ್ಲ. ಹಾಡು ಮುಗಿಯಿತು, ಎಮ್ ಒತ್ತಿ ನೀರು ಕುಡಿಯಲು ತಿರುಗಿದೆ.

ಮದುಮಗಳು ಪಕ್ಕದಲ್ಲೇ ಹಸೆಯ ಮೇಲಿದ್ದಳು. ಹೆತ್ತ ತಾಯಿ ಇಲ್ಲ. ನೆಂಟರು ಏನೇನೋ ಹೇಳಿ ಅವಳ ತಲೆ ಕೆಡಿಸಿದ್ದರಂತೆ. ಮಲತಾಯಿ ಜಯಮ್ಮ ಧಾರೆಗೆ ನಿಲ್ಲುವುದು ಬೇಡ, ದೊಡ್ಡಪ್ಪ ದೊಡ್ಡಮ್ಮ ಎರೆಯಲಿ ಎಂದು ಮದುಮಗಳೇ ಹೇಳಿದ್ದಳು.

ಅಷ್ಟರಲ್ಲಿ ಹಾಡುವ ಗಂಗಮ್ಮನ ಮಾತು ಛತ್ರಕ್ಕೆಲ್ಲ ಕೇಳಿತು.

“ಜಯಮ್ಮ ಅಡಿಗೆಮನೇಲಿ ಕಾಯಿ ತುರೀತಾ ಕೂತವ್ಳೆ ಕಣೇ. ಹಾಲ್ ಕುಡ್ಯೋ ಕೂಸ್ನ ಎತ್ಕಂಡೋಳು. ತನಗೊಂದು ಮಗು ಆದ್ರೆ ಇದುಕ್ಕೆ ಪ್ರೀತಿ ಕಮ್ಮಿ ಆಯ್ತದೆ ಅಂತ ಬ್ಯಾಡ ಅಂದ್ಬುಟ್ಳು.”

“ಹುಡ್ಗೀಗೆ ಹೇಳ್ಬಾರ್ದಾ?” ಅಂದಳು ಪಕ್ಕದವಳು.

“ಹೇಳ್ಬ್ಯಾಡಿ ಅಂತ ಆಣೆ ಹಾಕ್ಸವ್ಳೆ.”

ಮತ್ತೆ ಮತ್ತೆ ಎಮ್ ಒತ್ತಿದೆ. ಏನೂ ಆಗಲಿಲ್ಲ. ಮೌಸ್ ಹಿಡಿಯುವಷ್ಟರಲ್ಲಿ ಅದೇ ಮೈಕುಗಳಲ್ಲಿ ಮದುಮಗಳ ದನಿ ಬಂತು.

“ಅಪ್ಪಾ, ಅಮ್ಮನ್ನ ಕರ್ಕಂಬಾ.”

ಜಯಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. ಧಾರೆಗೆ ಅವರೇ ನಿಂತರು.

ಸಂಜೆ ನಾನು ವೈರ್ ಸುತ್ತುತ್ತಿದ್ದಾಗ ಜಯಮ್ಮ ಹತ್ತಿರ ಬಂದು ಕೇಳಿದರು.

“ಆ ಮಾತೆಲ್ಲ ಇದ್ರಲ್ಲಿ ಐತೇನವ್ವಾ?”

“ಐತೆ ಕಣಮ್ಮ.”

“ಗಂಗಮ್ಮ ಅಂದಿದ್ದು ತೆಗ್ದುಬುಡು. ಮಗಳು ಅಮ್ಮ ಅಂದಿದ್ದು ಇರ್ಲಿ. ನಾಳೆ ಅವಳ ಮಕ್ಳು ಕೇಳುದ್ರೆ, ಪಾಪ ಅಂತ ಕರುದ್ಲು ಅನ್ಸಬಾರ್ದು.”

ಕೀಬೋರ್ಡನ್ನು ಇಂಗ್ಲಿಷಿಗೆ ಬದಲಿಸಿದೆ. ಗುಂಪಿನಲ್ಲಿ ಅಷ್ಟು ಭಾಗ ಆರಿಸಿ ಡಿಲೀಟ್ ಒತ್ತಿದೆ. ನಾಲ್ಕೂ ಟ್ರ್ಯಾಕಿನಿಂದ ಒಟ್ಟಿಗೆ ಹೋಯಿತು.

ನಾನು ಕೊಟ್ಟ ರೆಕಾರ್ಡಿಂಗಿನಲ್ಲಿ ಹಾಡು ಮುಗಿದ ಕೂಡಲೇ ಮಗಳು ಅಮ್ಮನನ್ನು ಕರೆಯುತ್ತಾಳೆ. ಯಾರೂ ಹೇಳಿಕೊಟ್ಟಿಲ್ಲ, ತಾನಾಗಿಯೇ ಕರೆದಂತೆ ಕೇಳುತ್ತದೆ. ಎಷ್ಟೋ ಮದುವೆಗಳನ್ನು ರೆಕಾರ್ಡ್ ಮಾಡಿ ಮರೆತಿದ್ದೇನೆ. ಅದೊಂದನ್ನು ಮಾತ್ರ ಈಗಲೂ ಆಗಾಗ ಹಾಕಿ ಕೇಳುತ್ತೇನೆ.