ಸೆರೆಶಿಬಿರದ ನೋಟಿನ ಹಿಂಬದಿ

ನನ್ನ ತಾತ ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರ ಸೇನೆಯ ಲಾರಿ ಓಡಿಸುತ್ತಿದ್ದವರು. ಆಫ್ರಿಕದ ಮರಳುಗಾಡಿನಲ್ಲಿ ಸೆರೆಸಿಕ್ಕಿ ಇಟಲಿಯ ಶಿಬಿರವೊಂದಕ್ಕೆ ಹೋದರು. ಅಲ್ಲಿ ಕೈದಿಗಳಿಗೆ ನಿಜವಾದ ಹಣ ಕೊಡುತ್ತಿರಲಿಲ್ಲ. ತಪ್ಪಿಸಿಕೊಂಡರೆ ದಾರಿಖರ್ಚಿಗೆ ಆಗಿಬಿಡುತ್ತದಲ್ಲ. ಬೇಲಿಯೊಳಗಿನ ಅಂಗಡಿಯಲ್ಲಷ್ಟೇ ನಡೆಯುವ ಕಾಗದದ ನೋಟು ಕೊಡುತ್ತಿದ್ದರು. ಅಂಥ ಐದು ನೋಟುಗಳನ್ನು ತಾತ ಊರಿಗೆ ತಂದಿದ್ದರು. ಒಂದರ ಹಿಂಬದಿಯಲ್ಲಿ, ಜ್ವರ ಬಂದು ಅಲ್ಲೇ ತೀರಿಕೊಂಡ ಮೂವರು ಗೆಳೆಯರ ಹೆಸರನ್ನು ಪೆನ್ಸಿಲ್ಲಿನಿಂದ ಬರೆದಿದ್ದರು.

ಅಪ್ಪ ಹಾಸನದಿಂದ ಅಮೆರಿಕದ ಫ್ರೀಮಾಂಟಿಗೆ, ನಮ್ಮ ಮನೆಯಲ್ಲೇ ಇರಲು ಬಂದಾಗ ಅವನ್ನೂ ತಂದರು. ಹತ್ತಿರದ ಮಾರ್ಗನ್ ಹಿಲ್ ಊರಿನಲ್ಲಿ ಹಳೇ ನಾಣ್ಯ, ನೋಟುಗಳ ಪ್ರದರ್ಶನವಿದ್ದಾಗ ಕರೆದುಕೊಂಡು ಹೋದೆ. ಒಬ್ಬ ವ್ಯಾಪಾರಿ, ಪರೀಕ್ಷೆ ಮಾಡಿಸಿ ಕೊಡುತ್ತೇನೆಂದು ಐದೂ ನೋಟುಗಳನ್ನು ಇಸಿದುಕೊಂಡು ರಸೀದಿ ಬರೆದುಕೊಟ್ಟ. ಎರಡು ವಾರದ ಮೇಲೆ ಫೋನ್ ಮಾಡಿದರೆ, ಎಲ್ಲ ನಕಲಿ, ಕಸಕ್ಕೆ ಹಾಕಿದೆ ಎಂದ. ನಕ್ಕ ಕೂಡ.

ಅಪ್ಪ ನನ್ನನ್ನು ಬೈಯಲಿಲ್ಲ. "ನಾನೇ ಕೊಡಬಾರದಿತ್ತು ಕಣಮ್ಮ" ಎಂದವರು ಆಮೇಲೆ ತಾತನ ಮಾತೇ ಎತ್ತಲಿಲ್ಲ.

ನಾಲ್ಕು ತಿಂಗಳಾಗಿತ್ತು. ಬರ್ಕ್ಲಿಯಲ್ಲಿ ಓದುವ ಮಗಳು ಫೋನಿಗೆ ಒಂದು ಫೋಟೊ ಕಳಿಸಿದಳು. "ಅಮ್ಮಾ, ಇವು ನಮ್ಮವಲ್ವಾ?" ಅದೇ ಐದು ನೋಟು. ಬ್ರಿಟಿಷ್ ಅಧಿಕಾರಿಯೊಬ್ಬನ ಸ್ವತ್ತು, ಹಿಂಬದಿಯಲ್ಲಿ ಯಾರಿಗೂ ಬಿಡಿಸಲಾಗದ ಗುಪ್ತಲಿಪಿ ಎಂದು ಆ ವ್ಯಾಪಾರಿಯೇ ಇಂಟರ್ನೆಟ್ಟಿನಲ್ಲಿ ಜಾಹೀರಾತು ಹಾಕಿ ಮಾರಾಟಕ್ಕೆ ಇಟ್ಟಿದ್ದ.

"ಪೊಲೀಸಿಗೆ ಹೇಳು, ಸಾಕು," ಎಂದರು ನನ್ನ ಗಂಡ.

ನನಗೆ ಸಾಕಾಗುತ್ತಿರಲಿಲ್ಲ. ಅವನ ಮುಖ ನಾಲ್ಕು ಜನರೆದುರು ಬಿಳುಚಿಕೊಳ್ಳುವುದನ್ನು ನಾನು ನೋಡಬೇಕಿತ್ತು. ಮುಂದಿನ ಪ್ರದರ್ಶನಕ್ಕೆ ಆರು ವಾರವಿತ್ತು. ದಿನಾ ಫ್ರೀವೇ ಟ್ರಾಫಿಕ್ಕಿನಲ್ಲಿ ಕೂತು, ಅವನಿಗೆ ಹೇಳಬೇಕಾದ ಮಾತನ್ನು ಮಸೆದೆ.

ಆ ದಿನ ಅವನ ಮೇಜಿನ ಸುತ್ತ ಏಳೆಂಟು ಜನರಿದ್ದರು. ಗುಪ್ತಲಿಪಿಯ ಕಥೆ ನಡೆದಿತ್ತು. ನಾನು ಅಪ್ಪನ ಜೊತೆ ಮುಂದೆ ಹೋಗಿ, "ಅದನ್ನ ನಮ್ಮಪ್ಪ ಓದ್ತಾರೆ" ಎಂದು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಿದೆ. ಅಪ್ಪ ಕನ್ನಡಕ ಹಾಕಿಕೊಂಡು ಬಗ್ಗಿ, ಮೂರು ಹೆಸರನ್ನೂ ನಿಧಾನವಾಗಿ ಓದಿದರು. ಕೊನೆಯ ಹೆಸರನ್ನು ಎರಡು ಸಲ ಓದಿದರು.

"ಇದು ಕನ್ನಡ. ಬರೆದವರು ಇವರ ತಂದೆ. ಇವನು ಕಸಕ್ಕೆ ಹಾಕಿದೆ ಅಂದ ನೋಟು ಇವೇ," ಎಂದು ರಸೀದಿಯನ್ನು ಗಾಜಿನ ಮೇಲೆ ಇಟ್ಟೆ.

ಕೊಳ್ಳಲು ಬಂದಿದ್ದವನು ಪರ್ಸು ಜೇಬಿಗೆ ಹಾಕಿಕೊಂಡ. ವ್ಯಾಪಾರಿ ಏನೋ ತಪ್ಪಾಗಿದೆ ಎಂದು ತೊದಲಿದ. ಗಾಜಿನ ಪೆಟ್ಟಿಗೆಗೆ ಮೊದಲು ತಪ್ಪು ಕೀಲಿ ಹಾಕಿ, ಇನ್ನೊಂದನ್ನು ಹುಡುಕಿ ಬೀಗ ತೆಗೆದ. ಅದನ್ನು ನಾನು ತೃಪ್ತಿಯಿಂದ ನೋಡಿದೆ.

ಅಪ್ಪ ನೋಟುಗಳನ್ನು ತೆಗೆದುಕೊಂಡು, "ನಡಿಯಮ್ಮ, ಸಿಕ್ತಲ್ಲ" ಎಂದರು. ಅವರನ್ನು ಕಾರಿನಲ್ಲಿ ಕೂರಿಸಿ ನಾನು ವಾಪಸು ಬಂದೆ. ಪ್ರದರ್ಶನ ನಡೆಸುವವರಿಗೆ ರಸೀದಿ, ಜಾಹೀರಾತಿನ ಪ್ರತಿ ಎಲ್ಲವನ್ನೂ ಕೊಟ್ಟು ದೂರು ಬರೆದೆ. ಅವನಿಗೆ ಇನ್ನೆಂದೂ ಮೇಜು ಕೊಡುವುದಿಲ್ಲವೆಂದು ತಿಂಗಳೊಳಗೆ ಪತ್ರ ಬಂತು.

ಆಮೇಲೆ ಅವನೇ ಫೋನ್ ಮಾಡಿದ. ಮೂವತ್ತು ವರ್ಷದ ಕಸುಬು ಹೋಯಿತು, ದೂರು ವಾಪಸು ತೆಗೆದುಕೊಳ್ಳಿ ಎಂದು ಅತ್ತ. ಪೂರ್ತಿ ಕೇಳಿಸಿಕೊಂಡೆ. "ನಿಮ್ಮ ಈ ಮನವಿಯನ್ನೂ ಕಸಕ್ಕೆ ಹಾಕಿದೆ" ಎಂದು ಫೋನಿಟ್ಟೆ.

ಪಕ್ಕದಲ್ಲೇ ಕೂತಿದ್ದ ಅಪ್ಪ, "ಅಷ್ಟು ಕಟುವಾಗಿ ಅನ್ನಬಾರದಿತ್ತು" ಎಂದರು. ಅವರ ಮಾತು ನ್ಯಾಯವೇ ಇರಬಹುದು. ನನಗೆ ಇವತ್ತಿಗೂ ಹಾಗನ್ನಿಸಿಲ್ಲ.