ಕಿವಿಬುಡದ ಕಾವು

ಘಟ್ಟದ ಕೆಳಗೆ, ತಮಿಳು ಸೀಮೆಯ ಕಂಬಂ ಊರಿನ ಚಿನ್ನತಂಬಿಗೆ ಬರುತ್ತಿದ್ದ ವಿದ್ಯೆ ಒಂದೇ: ದನದ ಮೈ ಮುಟ್ಟಿ ಕಾವು ಹೇಳುವುದು. ಅವನ ಅಪ್ಪ, ಅಜ್ಜ ಎಲ್ಲರೂ ಅಲ್ಲಿನ ಕನ್ನಡದವರ ದೇವರಿಗೆ ಬಿಟ್ಟ ದನದ ಮಂದೆ ಕಾದವರು. ಬೆನ್ನು ಮುಟ್ಟಿ ಜ್ವರ ನೋಡುವವನನ್ನು ಆ ಮನೆಯಲ್ಲಿ ಮನುಷ್ಯನೆಂದೇ ಎಣಿಸುತ್ತಿರಲಿಲ್ಲ. ಬೆನ್ನನ್ನು ಬಿಸಿಲು ಕಾಯಿಸುತ್ತದೆ, ಗಾಳಿ ಆರಿಸುತ್ತದೆ. ಅದು ಹೇಳುವುದೆಲ್ಲ ಸುಳ್ಳು. ಕಿವಿಯ ಬುಡಕ್ಕೆ ಕೈಯ ಹಿಂಬದಿ ಇಟ್ಟು ಹತ್ತು ಎಣಿಸಬೇಕು. ಒಳಗಿನ ನಿಜ ಅಲ್ಲಿರುತ್ತದೆ.

ಮೇಲೆ ಕಾಡಿನಲ್ಲಿ ಪೆರಿಯಾರ್ ಹೊಳೆಗೆ ಅಣೆಕಟ್ಟು ಏಳುತ್ತಿದ್ದ ವರ್ಷಗಳವು. ಅರ್ಧ ಊರೇ ಘಟ್ಟ ಹತ್ತಿತ್ತು. ಚಿನ್ನತಂಬಿಯ ಅಕ್ಕ ವೀರಮ್ಮಾಳ್, ಗಂಡ ಸತ್ತವಳು, ಅಣೆಯಲ್ಲಿ ಸುಣ್ಣ ಹೊರಲು ಹೋದಳು. ತಾಯಿ ಸತ್ತ ಮೇಲೆ ಅವನನ್ನು ಸಾಕಿದವಳು ಅವಳು. ಅಕ್ಕ ಹೋದಳೆಂದು ಇವನೂ ಹೋದ. ತೇಕ್ಕಡಿಯ ದೋಣಿಕಡವಿನಿಂದ ಅಣೆಯವರೆಗೆ ಜನ, ಸಾಮಾನು ಸಾಗಿಸುವ ಹೊಗೆದೋಣಿಯಲ್ಲಿ ಎಂಜಿನ್ನಿಗೆ ಹರಳೆಣ್ಣೆ ಹಾಕುವ ಕೆಲಸ ಸಿಕ್ಕಿತು.

ಎಂಜಿನ್ ಅವನಿಗೇನೂ ಒಗಟಾಗಲಿಲ್ಲ. ಗಾಡಿಗೆ ಅಚ್ಚು ಇರುವಂತೆ ಇದಕ್ಕೂ ಒಂದು ಉಕ್ಕಿನ ಅಚ್ಚು. ಅದು ತಿರುಗಲು ಹಿತ್ತಾಳೆಯ ಗೂಡು. ಗೂಡಿನ ನೆತ್ತಿಯ ಮೇಲೆ ಎಣ್ಣೆ ಬಟ್ಟಲು. ಗೂಡಿನ ಅಡಿಗೆ ಕೈ ಒಡ್ಡಿ ಹತ್ತು ಎಣಿಸುವುದು. ಹತ್ತಕ್ಕೂ ಕೈ ನಿಂತರೆ ಸರಿ. ಐದಕ್ಕೇ ಕಿತ್ತುಕೊಳ್ಳಬೇಕಾದರೆ, ಒಳಗೆ ಎಣ್ಣೆ ನೀರಾಗಿದೆ, ಉಕ್ಕು ಹಿತ್ತಾಳೆಯನ್ನು ಕಚ್ಚಲು ಹೊರಟಿದೆ ಎಂದು ಅರ್ಥ.

ಒಗಟಾದದ್ದು ಎಂಜಿನ್ ಓಡಿಸುವ ಗೋವಿಂದನ್. ತೂತುಕುಡಿಯಲ್ಲಿ ಯಾವುದೋ ಹಡಗಿನಲ್ಲಿ ಕಲ್ಲಿದ್ದಲು ಸುರಿದು ಬಂದವನು. ಇಲ್ಲಿ ತಲೆಗೊಂದು ಟೋಪಿ, ಜೇಬಿಗೊಂದು ಪಾದರಸದ ಗಾಜುಕಡ್ಡಿ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ; ಇವನು ಹಗಲಿಡೀ ಆ ಕಡ್ಡಿ ಹಿಡಿದಿದ್ದ. ಅದನ್ನು ಎಣ್ಣೆ ಬಟ್ಟಲಿಗೆ ಅದ್ದಿ, ಕಣ್ಣು ಕಿರಿದು ಮಾಡಿ, ಏನೋ ಅಂಕಿ ಹೇಳಿ, ಶಾಸ್ತ್ರ ಮುಗಿಸುತ್ತಿದ್ದ. ಬಟ್ಟಲಲ್ಲಿರುವುದು ಈಗಷ್ಟೇ ಸುರಿದ ತಣ್ಣನೆಯ ಎಣ್ಣೆ ಎಂಬುದು ಆ ಟೋಪಿಯೊಳಗೆ ಇಳಿಯಲೇ ಇಲ್ಲ. ಅಚ್ಚು ಕಾದಷ್ಟೂ ಚಿನ್ನತಂಬಿ ಎಣ್ಣೆ ಸುರಿಯುತ್ತಿದ್ದ. ಸುರಿದಷ್ಟೂ ಕಡ್ಡಿ ತಂಪು ಎನ್ನುತ್ತಿತ್ತು. ಥೂ, ಎಂಥ ವಿದ್ಯೆ!

ಚಿನ್ನತಂಬಿಯೇನು ಮಹಾಶೂರನೇ? ಐದು ತಿಂಗಳು "ಸರಿ ಅಯ್ಯಾ, ಸರಿ ಅಯ್ಯಾ" ಎಂದುಕೊಂಡೇ ನಿಂತಿದ್ದ.

ಅಣೆಯ ಬಿಡಾರದಲ್ಲಿ ವೀರಮ್ಮಾಳಿಗೆ ಕಾಡುಜ್ವರ ಬಂತು. ನಾಲ್ಕನೆಯ ದಿನ ಬೆಳಿಗ್ಗೆ ಅವಳ ಕಿವಿಬುಡ ಮುಟ್ಟಿದ ಚಿನ್ನತಂಬಿಗೆ ಹತ್ತರವರೆಗೆ ಎಣಿಸುವ ಅಗತ್ಯವೇ ಬೀಳಲಿಲ್ಲ. ಔಷಧ, ವೈದ್ಯ ಎಲ್ಲ ಇದ್ದದ್ದು ತೇಕ್ಕಡಿಯಲ್ಲಿ. ಮಧ್ಯಾಹ್ನದೊಳಗೆ ಮುಟ್ಟಿಸದಿದ್ದರೆ ಅಕ್ಕ ಉಳಿಯುವುದಿಲ್ಲ. ಅವಳನ್ನು ಹೊತ್ತು ತಂದು ಹೊಗೆದೋಣಿಯ ಹಿಂಬದಿಯಲ್ಲಿ ಮಲಗಿಸಿದ.

ಅಂದೇ ದೋಣಿಗೆ ಒಬ್ಬ ಬಿಳಿಯ ದೊರೆಯೂ ಹತ್ತಬೇಕೆ? ಬೇಟೆಗೆ ಬಂದಿದ್ದವನು. ದೋಣಿ ಎಷ್ಟು ವೇಗ ಹೋಗುತ್ತದೆಂದು ಬಾಯಿಮಾತಿಗೆ ಕೇಳಿದ. ಅಷ್ಟು ಸಾಕಾಯಿತು. ಗೋವಿಂದನ್ ಮೀಸೆ ತಿರುವಿ ಹಬೆಯ ತಿರುಪನ್ನು ಪೂರ್ತಿ ಬಿಚ್ಚಿದ. ದೋಣಿ ನಡುಗುತ್ತ ನೀರು ಸೀಳಿತು. ಅರ್ಧ ದಾರಿ ಕಳೆಯುವಷ್ಟರಲ್ಲಿ ಚಿನ್ನತಂಬಿಯ ಮೂಗಿಗೆ ಸುಟ್ಟ ಹರಳೆಣ್ಣೆಯ ವಾಸನೆ ಬಡಿಯಿತು. ಗೂಡಿನ ಅಡಿಗೆ ಕೈ ಒಡ್ಡಿದ. ಎರಡು ಎಣಿಸಲಾಗಲಿಲ್ಲ.

ಇಲ್ಲಿ ಅಚ್ಚು ಕಚ್ಚಿಕೊಂಡರೆ ಎರಡೂ ದಡಕ್ಕೆ ಆನೆಕಾಡು. ನಾಳೆಯವರೆಗೆ ಇನ್ನೊಂದು ದೋಣಿ ಬರುವುದಿಲ್ಲ. ನಾಳೆಯವರೆಗೆ ಅಕ್ಕ ಇರುವುದಿಲ್ಲ.

"ಅಯ್ಯಾ, ವೇಗ ಇಳಿಸಿ. ಅಚ್ಚಿಗೆ ಜ್ವರ ಏರೈತೆ."

ಗೋವಿಂದನ್ ಕಡ್ಡಿ ಅದ್ದಿ ನೋಡಿ ನಕ್ಕ. "ಡೇಯ್ ಮಾಟ್ಟುಕ್ಕಾರಾ, ದನ ಕಾಯೋನೇ! ನೂರಿಪ್ಪತ್ತು ಡಿಗ್ರಿ ಮಾತ್ರ ಇದೆ, ಸ್ನಾನದ ನೀರಿನಷ್ಟು ಕಾವು. ಎಂಜಿನ್ ಏನು ನಿನ್ನ ಎಮ್ಮೆಯೇ, ಜ್ವರ ಬರೋಕೆ?" ಎಂದು, ಅದನ್ನೇ ಹರಕು ಇಂಗ್ಲಿಷಿನಲ್ಲಿ ದೊರೆಗೂ ಹೇಳಿದ. ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕ. ಹಿಂದೆ ವೀರಮ್ಮಾಳ್ ನರಳಿದಳು.

ಐದು ತಿಂಗಳ "ಸರಿ ಅಯ್ಯಾ" ಅಲ್ಲಿಗೆ ಮುಗಿಯಿತು.

"ತಂಪು ಅಂತ ನಿಮ್ ಕಡ್ಡಿ ಹೇಳ್ತದಲ್ಲ? ಹಂಗಾರೆ ಗೂಡಿನ ಅಡೀಗೆ ಕೈ ಇಡಿ. ನಾನು ಹತ್ತು ಎಣಿಸ್ತೀನಿ. ಅಷ್ಟೊತ್ತು ಕೈ ನಿಂತ್ರೆ ನನ್ನ ನೀರಿಗೆ ತಳ್ಳಿ."

ಮಾತು ತಿಳಿಯದಿದ್ದರೂ ದೊರೆಗೆ ಸನ್ನೆ ತಿಳಿಯಿತು, ಮೋಜೆಂದು ತಲೆಯಾಡಿಸಿದ. ಇನ್ನು ಗೋವಿಂದನ್ ಹಿಂದೆಗೆಯುವುದು ಹೇಗೆ? ಮೂರ್ಖ, ಬೆರಳು ತಾಕಿಸಿ ನೋಡುವಷ್ಟೂ ಬುದ್ಧಿಯಿಲ್ಲದೆ, ಅಂಗೈ ಪೂರ್ತಿ ಒತ್ತಿದ. ಚಿನ್ನತಂಬಿ "ಒಂದು" ಎಂದ. "ಎರಡು" ಎನ್ನುವ ಮೊದಲೇ ಕಿರುಚಾಟ ಕಾಡಿಗೆಲ್ಲ ಕೇಳಿತು. ಅಂಗೈ ಚರ್ಮ ಗೂಡಿಗೇ ಅಂಟಿಕೊಂಡಿತ್ತು.

ಚಿನ್ನತಂಬಿ ತಿರುಪು ತಿರುಗಿಸಿ ವೇಗ ಇಳಿಸಿದ. "ಗೂಡಿಗೆ ನೀರು ಸುರಿಯೋ, ತಣ್ಣೀರು ಸುರಿಯೋ!" ಎಂದು ಗೋವಿಂದನ್ ಬಿದ್ದಲ್ಲಿಂದಲೇ ಅರಚಿದ. ಆಗಲೂ ಅಪ್ಪಣೆ!

"ಓಡಿ ಬಂದ ಎತ್ತಿಗೆ ಯಾರು ತಣ್ಣೀರು ಸುರೀತಾರೆ? ಹಿತ್ತಾಳೆ ಬಿರೀತದೆ. ಸುಮ್ಕೆ ಬಿದ್ದಿರಿ," ಎಂದ ಚಿನ್ನತಂಬಿ. ದಣಿದ ಎತ್ತನ್ನು ನಿಧಾನ ನಡೆಸಿ ಆರಿಸುವಂತೆ ಅಚ್ಚನ್ನು ಮೆಲ್ಲಗೆ ತಿರುಗಲು ಬಿಟ್ಟ. ತೊಟ್ಟು ತೊಟ್ಟಾಗಿ ಎಣ್ಣೆ ಇಳಿಸಿದ. ಗಳಿಗೆಗೊಮ್ಮೆ ಕೈ ಒಡ್ಡಿ ಎಣಿಸಿದ. ನಾಲ್ಕು. ಆರು. ಒಂಬತ್ತು. ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ ಕಡವು ಕಂಡಿತು.

ಮರುದಿನ ಅವನ ಕೆಲಸ ಹೋಯಿತು. ಎಣ್ಣೆ ಹಾಕುವವನು ಸರಿಯಾಗಿ ಎಣ್ಣೆ ಹಾಕಲಿಲ್ಲವೆಂದು ಗೋವಿಂದನ್ ಮಲಗಿದಲ್ಲಿಂದಲೇ ಹೇಳಿ ಬರೆಸಿದ್ದ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಕಣ್ಣಾರೆ ಕಂಡ ದೊರೆ ಬಾಯಿ ಬಿಡಲಿಲ್ಲ. ಅವನು ಬೇಟೆಗೆ ಹೋಗಿಯಾಗಿತ್ತು.

ಆರು ದಿನ ಕಳೆದು, ಅಕ್ಕನನ್ನು ಊರಿಗೆ ಕರೆದೊಯ್ಯಲು ಚಿನ್ನತಂಬಿ ತೇಕ್ಕಡಿಯ ಆಸ್ಪತ್ರೆಯೆಂಬ ಕೊಟ್ಟಿಗೆಗೆ ಬಂದ. ವೀರಮ್ಮಾಳ್ ಎದ್ದು ಕೂತು ಗಂಜಿ ಕುಡಿಯುತ್ತಿದ್ದಳು. ಅವನು ಕಿವಿಬುಡ ಮುಟ್ಟಿ ಹತ್ತು ಎಣಿಸಿದ. ತಂಪಾಗಿತ್ತು. ಅವನ ಕಣ್ಣು ತುಂಬಿತು.

ಎದುರು ಚಾಪೆಯಲ್ಲಿ ಗೋವಿಂದನ್ ಮಲಗಿದ್ದ. ಟೋಪಿ ಇಲ್ಲ, ಕೈ ಕೀವು ತುಂಬಿ ಕುಂಬಳದಷ್ಟಾಗಿತ್ತು. ಆಸ್ಪತ್ರೆಯವನು ಗಾಜುಕಡ್ಡಿ ತಂದು ಅವನ ಬಾಯಿಗೆ ಒಡ್ಡಿದ. ಗೋವಿಂದನ್ ಮುಖ ಆಚೆ ತಿರುಗಿಸಿ, ಚಿನ್ನತಂಬಿಯನ್ನು ಹುಡುಕಿ, ತೊದಲಿದ:

"ಅದು ಬೇಡ. ನೀನು ನೋಡಪ್ಪಾ ತಂಬಿ. ಬದುಕ್ತೀನಾ, ನೋಡಿ ಹೇಳು."

ಚಿನ್ನತಂಬಿ ಆ ಚಾಪೆಯ ಬಳಿಗೆ ಹೋದ. ಬಗ್ಗಿ, ಎಮ್ಮೆಗೆ ಇಡುವಂತೆಯೇ ಕಿವಿಬುಡಕ್ಕೆ ಕೈ ಇಟ್ಟು, ಎಲ್ಲರಿಗೂ ಕೇಳುವ ಹಾಗೆ ಹತ್ತರವರೆಗೂ ಎಣಿಸಿದ.

"ಕಾವು ಐತೆ. ಸಾಯಾಕಿಲ್ಲ," ಎಂದ.

ಆ ಕೈಯನ್ನು ಪಂಚೆಗೆ ಎರಡು ಸಲ ಒರೆಸಿಕೊಂಡು, ಅಕ್ಕನ ಗಂಟು ಎತ್ತಿಕೊಂಡ.